ತಾಯಿಯುಳ್ಳ ಅನಾಥರು

ಬೆಳಗಿನ ಜಾವ ನಾಲ್ಕೂವರೆ ಗಂಟೆ. ಕಲಬುರಗಿಯ ಹಳೆಯ ಬಡಾವಣೆಯೊಂದರ ಓಣಿಯಲ್ಲಿ ನಾಯಿಗಳು ಕೂಡ ಮಲಗಿದ್ದುವು. ಮಸೀದಿಯ ಬಾಂಗಿಗೆ ಇನ್ನೂ ಹೊತ್ತಿತ್ತು; ಶರಣಬಸವೇಶ್ವರರ ಗುಡಿಯ ಗಂಟೆಗೂ ಹೊತ್ತಿತ್ತು. ಆ ನಿಶ್ಶಬ್ದದಲ್ಲಿ ಒಂದೇ ಒಂದು ಸಪ್ಪಳ ಕೇಳಿಬರುತ್ತಿತ್ತು. ಅದು ಜೋಳದ ರೊಟ್ಟಿ ಬಡಿಯುವ ಸಪ್ಪಳ.

“ದಿನಕ್ಕೆ ಎಷ್ಟು ರೊಟ್ಟಿಯಾಗುತ್ತವೆ?” ಎಂದು ಕೇಳಿದೆ.

“ಮುಂಜಾನಿಗೆ ತೊಂಬತ್ತರಿ. ಯಾರರ ಬಂದ್ರ ನೂರು,” ಎಂದರು ಅಕ್ಕೋರು, ಬಡಿಯುವ ಕೈಯನ್ನು ನಿಲ್ಲಿಸದೆಯೇ.

ಅಕ್ಕೋರು ಎಂದರೆ ಆ ಮನೆಯನ್ನು ನಡೆಸುವ ಸಭಾಪಾಲಕರ ಪತ್ನಿ. ಈ ಸೀಮೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಹಾಗೆ ಕರೆಯುವುದು ವಾಡಿಕೆ; ಅವರಿಗೆ ಮಕ್ಕಳು ಬೇರೆ ಹೆಸರನ್ನು ಕೊಟ್ಟಿಲ್ಲ. ಮನೆಯ ಹೆಸರನ್ನೂ ತಮ್ಮ ಹೆಸರನ್ನೂ ಪತ್ರಿಕೆಯಲ್ಲಿ ಬರೆಯಕೂಡದೆಂಬ ಮಾತಿನ ಮೇಲೆ ದಂಪತಿಗಳು ನನ್ನನ್ನು ಮೂರು ದಿನ ಅಲ್ಲಿ ಇರಗೊಟ್ಟರು. ಅದೊಂದು ಸಣ್ಣ ಕ್ರೈಸ್ತ ಮಿಷನ್. ಮನೆಯಲ್ಲಿ ಮಕ್ಕಳು 38 ಮಂದಿ, ದೊಡ್ಡವರು ನಾಲ್ವರು. ಇದಲ್ಲದೆ ನಗರದಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ದೂರದಲ್ಲಿರುವ ಕಮಲಾಪುರದ ಹತ್ತಿರ, ಒಂದು ಲಂಬಾಣಿ ತಾಂಡಾದಲ್ಲಿ, ಸಂಜೆಯ ಪಾಠಶಾಲೆಯೊಂದುಂಟು. ಈ ಎರಡರ ನಡುವೆ ಅಕ್ಕೋರ ದಿನ ಹಂಚಿಹೋಗುತ್ತದೆ.

ಓಣಿಯವರು ಈ ಮನೆಯನ್ನು ‘ಅನಾಥಾಲಯ’ ಎನ್ನುತ್ತಾರೆ. ರಿಕ್ಷಾದವನಿಗೂ ಆ ಹೆಸರನ್ನೇ ಹೇಳಬೇಕು. ನಾನೂ ಅದೇ ಮಾತನ್ನು ಬಳಸಿದಾಗ ಅಕ್ಕೋರು ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ಮೂವತ್ತೆಂಟು ಮಕ್ಕಳೊಳಗ ತಾಯಿ ತಂದಿ ಇಬ್ಬರೂ ಇಲ್ಲದವು ಮೂರೇ ಅವ ನೋಡ್ರಿ. ಉಳಿದವುಕ್ಕೆಲ್ಲ ಅವ್ವ ಇದ್ದಾಳ. ಎಲ್ಲಿದ್ದಾಳ ಅಂತ ಕೇಳಬ್ಯಾಡ್ರಿ.”

ಮೂರು ದಿನಗಳಲ್ಲಿ ನಾನು ಕೇಳಿದ್ದು ಮುಖ್ಯವಾಗಿ ಅದನ್ನೇ.

ಒಂದೇ ರೈಲುಹಳಿಯ ಎರಡು ಊರು

ಕಲಬುರಗಿಯಲ್ಲಿ ಇಂಥ ಕೆಲಸ ಹೊಸದೇನೂ ಅಲ್ಲ. ಮುಂಬಯಿಯಿಂದ ರಾಯಚೂರಿನ ಕಡೆಗೆ ಬರುವ ರೈಲುಹಳಿ ಪುಣೆಯನ್ನು ದಾಟಿ ದೌಂಡಿಗೆ ಮುಟ್ಟುವ ಮುಂಚೆ ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣವೊಂದು ಸಿಕ್ಕುತ್ತದೆ. ಅದೇ ಹಳಿ ಮುಂದೆ ಸೊಲ್ಲಾಪುರವನ್ನು ಹಾದು ಕಲಬುರಗಿಗೆ ಬರುತ್ತದೆ. ಕೇಡಗಾಂವಿಯಲ್ಲಿ ‘ಮುಕ್ತಿ’ ಎಂಬ ದೊಡ್ಡ ಆಶ್ರಮವನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು ತಮ್ಮ ಮಗಳು ಮನೋರಮಾಳ ನೆರವಿನಿಂದ 1912ರಲ್ಲಿ ಗುಲ್ಬರ್ಗದಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ತೆರೆದರು. ಮನೋರಮಾ ಅದರ ಮುಖ್ಯೋಪಾಧ್ಯಾಯಿನಿಯಾದಳು. ಆಗ ಗುಲ್ಬರ್ಗ ನಿಜಾಮನ ರಾಜ್ಯಕ್ಕೆ ಸೇರಿದ ಊರು. ದಫ್ತರದ ಭಾಷೆ ಉರ್ದು. ಮನೆಯ ಭಾಷೆ ಕನ್ನಡ. ಹೆಣ್ಣುಮಕ್ಕಳಿಗೆ ಓದು ಎಂಬುದು ಎರಡರಲ್ಲಿಯೂ ದೂರದ ಮಾತು.

ರಮಾಬಾಯಿಯವರ ಹೆಸರನ್ನು ನಮ್ಮಲ್ಲಿ ಅನೇಕರು ಮಹಾರಾಷ್ಟ್ರದ ಹೆಸರೆಂದು ತಿಳಿದಿದ್ದಾರೆ. ಆದರೆ ಅವರು ಹುಟ್ಟಿದ್ದು, 1858ರ ಏಪ್ರಿಲ್ 23ರಂದು, ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು ಉತ್ತರ ಹೇಳಿದವರು. ಮಗಳು ಹುಟ್ಟಿದ ಕೆಲಕಾಲದಲ್ಲಿಯೇ ಆ ಸಂಸಾರ ಕಾಡನ್ನು ಬಿಟ್ಟು ಊರೂರು ತಿರುಗತೊಡಗಿತು. ಗುಡಿಗಳಲ್ಲಿ ಪುರಾಣ ಹೇಳುವುದು, ಕೊಟ್ಟದ್ದನ್ನು ಉಣ್ಣುವುದು, ಮುಂದಿನ ಊರಿಗೆ ನಡೆಯುವುದು. ತಂದೆಗೆ ವಯಸ್ಸಾಗಿತ್ತು, ಆದುದರಿಂದ ರಮಾಬಾಯಿಗೆ ಪಾಠ ಹೇಳಿದವಳು ತಾಯಿ ಲಕ್ಷ್ಮೀಬಾಯಿ. ಈ ಮಗು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿಯೂ ಇರಲಿಲ್ಲ. ಶಾಲೆ ಅವ್ವನ ಬಾಯಲ್ಲಿತ್ತು. ಅದು ಅವಳೊಡನೆಯೇ ನಡೆಯುತ್ತಿತ್ತು.

1874ರ ಸುಮಾರಿಗೆ ದಕ್ಷಿಣದಲ್ಲಿ ಬರ ಬಂದಿತು. ತಂದೆ ತೀರಿಕೊಂಡರು, ಹಿಂದೆಯೇ ತಾಯಿ, ಅನಂತರ ಅಕ್ಕ. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ. ಇವರಿಬ್ಬರೂ ಉತ್ತರಕ್ಕೆ ನಡೆದು 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದಾಗ ಅಲ್ಲಿಯ ವಿದ್ವಾಂಸರು ಆ ಇಪ್ಪತ್ತು ವರ್ಷದ ಹುಡುಗಿಗೆ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟ ಕಥೆಯನ್ನು ವಾಚಕರು ಓದಿರಬಹುದು. ಮದುವೆ, ಎರಡೇ ವರ್ಷದೊಳಗೆ ವೈಧವ್ಯ, ಇಂಗ್ಲೆಂಡಿನ ಪ್ರವಾಸ, 1883ರಲ್ಲಿ ಅಲ್ಲಿಯೇ ಕ್ರೈಸ್ತಧರ್ಮದ ಸ್ವೀಕಾರ, ಅಮೆರಿಕದ ಭಾಷಣಗಳು, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ: ಇವೆಲ್ಲವನ್ನೂ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ನಮಗೆ ಬೇಕಾದುದು ಆಕೆ ಅಡುಗೆಮನೆಯನ್ನು ಹೇಗೆ ನಡೆಸಿದಳೆಂಬುದು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಮತ್ತೆ ಬರ ಬಿದ್ದಾಗ ರಮಾಬಾಯಿಯವರು ತಾವೇ ಹೋಗಿ ಹಸಿದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟುಪಾಡು. ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಕೇಡಗಾಂವಿಯ ಸುಮಾರು ನೂರು ಎಕರೆ ನೆಲ ಆಗ ಊರಾಯಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸುಮಾರು 2000. ಎರಡು ಸಾವಿರ ಹೊಟ್ಟೆ ಎಂದರೆ ಮಾತಿನಲ್ಲಿ ಹೇಳುವುದು ಸುಲಭ. ಮೊದಲು ಬಾವಿಗಳನ್ನು ತೋಡಿಸಬೇಕಾಯಿತು. ಆಮೇಲೆ ನೇಯ್ಗೆಯ ಮಗ್ಗ, ಎಣ್ಣೆಯ ಗಾಣ, ಹಸುಗಳು, ಅಗಸಗೇರಿ, ಅಚ್ಚುಕೂಟ, ಕುರುಡು ಹೆಣ್ಣುಮಕ್ಕಳಿಗೆ ಬ್ರೈಲ್ ಪಾಠ. ಬರದಲ್ಲಿ ತಾನೇ ತಾಯಿತಂದೆಯರನ್ನು ಕಳೆದುಕೊಂಡವಳಿಗೆ ಒಂದು ಸಂಗತಿ ತಿಳಿದಿತ್ತು: ಮರುಕ ಒಂದು ದಿನದ ಊಟಕ್ಕೆ ಸಾಕು, ಎರಡನೆಯ ದಿನಕ್ಕೆ ಬಾವಿ ಬೇಕು.

ಗುಲ್ಬರ್ಗದ ಶಾಲೆ ಆ ದೊಡ್ಡ ಮರದ ಒಂದು ಕೊಂಬೆ. ಮನೋರಮಾ 1921ರ ಜುಲೈಯಲ್ಲಿ ನಲವತ್ತರ ವಯಸ್ಸಿನಲ್ಲಿ ತೀರಿಕೊಂಡಳು. ಒಂಬತ್ತು ತಿಂಗಳಾಗುವುದರೊಳಗೆ, 1922ರ ಏಪ್ರಿಲ್ 5ರಂದು, ತಾಯಿಯೂ ಹೋದರು. ಮುಕ್ತಿ ಇಂದಿಗೂ ಕೇಡಗಾಂವಿಯಲ್ಲಿ ನಡೆದಿದೆ. ಇತ್ತ ಕಲಬುರಗಿಯಲ್ಲಿ ಮೆಥೊಡಿಸ್ಟ್ ಸಭೆಯವರಿದ್ದಾರೆ. 2005ರಿಂದ ಕಥೋಲಿಕರ ಪ್ರತ್ಯೇಕ ಧರ್ಮಪ್ರಾಂತವೂ ಇದೆ. ಆದರೂ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಅಷ್ಟು ಕಡಮೆ ಜನ, ಇಷ್ಟು ಮಕ್ಕಳು. ಲೆಕ್ಕ ಹೇಗೆ ಕೂಡುತ್ತದೆಂಬುದನ್ನು ನೋಡಲು ಮತ್ತೆ ಅಕ್ಕೋರ ಅಡುಗೆಮನೆಗೆ ಬರಬೇಕು.

ತೊಂಬತ್ತು ರೊಟ್ಟಿಯ ಲೆಕ್ಕ

ಒಂದು ಕಿಲೋ ಜೋಳದ ಹಿಟ್ಟಿಗೆ ಹನ್ನೊಂದು ಹನ್ನೆರಡು ರೊಟ್ಟಿ. ತೊಂಬತ್ತು ರೊಟ್ಟಿಗೆ ಎಂಟು ಕಿಲೋ ಹಿಟ್ಟು. ಸಂಜೆಗೆ ಅನ್ನ, ತೊಗರಿಬೇಳೆ. ವಾರಕ್ಕೆರಡು ದಿನ ಪುಂಡಿಪಲ್ಯ. ತೊಗರಿಯ ನಾಡಿನಲ್ಲಿದ್ದೂ ಬೇಳೆಯನ್ನು ಅಳೆದು ಹಾಕಬೇಕಾದ ಮನೆಗಳುಂಟೆಂಬುದು ಬೆಂಗಳೂರಿನ ಅಂಗಡಿಯಲ್ಲಿ ‘ಕಲಬುರಗಿ ತೊಗರಿ’ ಎಂಬ ಚೀಟಿ ನೋಡಿ ಹೆಚ್ಚಿನ ಬೆಲೆ ಕೊಡುವ ನಮಗೆ ಹೊಳೆಯುವುದಿಲ್ಲ.

ಐದೂವರೆಗೆ ಮಕ್ಕಳು ಏಳುತ್ತಾರೆ. ದೊಡ್ಡ ಹುಡುಗಿಯರು ಚಿಕ್ಕವರ ತಲೆ ಬಾಚುತ್ತಾರೆ. ಹೇನು ಹೆಕ್ಕುವುದು ಭಾನುವಾರದ ಕೆಲಸ. ಮನೆಗೆ ಮೂರು ಸ್ನಾನದ ಕೋಣೆ, ಮೂವತ್ತೆಂಟು ಮೈ. ಬೇಸಗೆಯಲ್ಲಿ ಬೋರಿನ ನೀರು ತಳ ಕಂಡಾಗ ತಲೆಗೊಂದು ಬಕೀಟೆಂದು ಸಭಾಪಾಲಕರು ಸ್ವತಃ ನಿಂತು ಅಳೆದು ಕೊಡುತ್ತಾರಂತೆ. ಏಳು ಗಂಟೆಗೆ ಒಂದು ಹಾಡು, ಚಿಕ್ಕ ಪ್ರಾರ್ಥನೆ. ಏಳೂವರೆಗೆ ರೊಟ್ಟಿ, ಶೇಂಗಾ ಹಿಂಡಿ. ಒಂಬತ್ತಕ್ಕೆ ಎಲ್ಲರೂ ಶಾಲೆಗೆ.

ಶಾಲೆ ಮಿಷನ್ನಿನದಲ್ಲ, ಸರಕಾರದ್ದು. ಇದನ್ನು ನಾನು ಮೊದಲು ಊಹಿಸಿರಲಿಲ್ಲ. “ನಮ್ಮದೇ ಸಾಲಿ ಇದ್ರ ಛೊಲೋ ಇತ್ತು, ಆದ್ರ ಮಧ್ಯಾಹ್ನದ ಊಟ ಯಾರು ಹಾಕ್ತಿದ್ರು?” ಎಂದು ಅಕ್ಕೋರು ನಕ್ಕರು. ಅಕ್ಷರ ದಾಸೋಹದ ಬಿಸಿಯೂಟ ನಮ್ಮ ರಾಜ್ಯದಲ್ಲಿ ಮೊದಲು ಆರಂಭವಾದುದೇ 2002ರಲ್ಲಿ, ಕಲಬುರಗಿಯೂ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಮೊಟ್ಟೆ ಕೊಡುವ ಏರ್ಪಾಡೂ 2021ರ ಡಿಸೆಂಬರಿನಲ್ಲಿ ಮೊದಲು ಈ ಸೀಮೆಯಲ್ಲಿಯೇ ಬಂದಿತು. ಆಗ ರಾಜ್ಯದಲ್ಲೆಲ್ಲ ಅದರ ಬಗೆಗೆ ವಾದವಿವಾದಗಳು ನಡೆದುವು. ಅಡುಗೆಮನೆಯಲ್ಲಿ ಅದು ವಾದವಾಗಿರಲಿಲ್ಲ. ಹೊರಗೊಂದು ಕಡೆ ಮಕ್ಕಳಿಗೆ ಮೊಟ್ಟೆ ಸಿಕ್ಕಿದರೆ ಮನೆಯಲ್ಲಿ ಆ ಹಣಕ್ಕೆ ಹಾಲು ಬರುತ್ತದೆಂಬ ಲೆಕ್ಕವಾಗಿತ್ತು.

ಮಕ್ಕಳು ಹೋದ ಮೇಲೆ ಮನೆ ನಿಶ್ಶಬ್ದವಾಗುತ್ತದೆ, ಸಭಾಪಾಲಕರ ಕೆಲಸ ಆರಂಭವಾಗುತ್ತದೆ. ಅವರ ಮೇಜಿನ ಮೇಲೆ ಬೈಬಲ್ಲು ಒಂದು, ಕಡತಗಳು ಮೂವತ್ತೆಂಟು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಇಂಥ ಪ್ರತಿಯೊಂದು ಮನೆಯೂ ನೋಂದಣಿಯಾಗಬೇಕು. ಪ್ರತಿಯೊಂದು ಮಗುವನ್ನೂ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಬೇಕು. ಸಮಿತಿಯ ಆಜ್ಞೆಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಆರು ವರ್ಷಕ್ಕಿಂತ ಸಣ್ಣ ಮಗುವಿಗೆ ಬೇರೆಯೇ ಏರ್ಪಾಡು. ಕಾಯಿದೆಯ ಮೂಲತತ್ತ್ವ ಒಂದೇ ಮಾತಿನದು: ಮಗುವನ್ನು ಸಂಸ್ಥೆಯಲ್ಲಿ ಇಡುವುದು ಎಲ್ಲ ದಾರಿಗಳೂ ಮುಗಿದ ಮೇಲಿನ ಕಡೆಯ ದಾರಿ. ಆದುದರಿಂದ ಸಮಿತಿಯವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ, “ಈ ಮಗುವನ್ನು ಮನೆಗೆ ಯಾವಾಗ ಕಳಿಸುತ್ತೀರಿ?”

ದೂರದಿಂದ ಹಣ ಕಳಿಸುವವರು ಕೇಳುವುದು ಇದಕ್ಕೆ ತದ್ವಿರುದ್ಧ: “ಈ ವರ್ಷ ಎಷ್ಟು ಅನಾಥರನ್ನು ಸೇರಿಸಿಕೊಂಡಿರಿ?”

ಈ ಎರಡು ಪ್ರಶ್ನೆಗಳ ನಡುವೆ ಸಭಾಪಾಲಕರ ತಲೆಗೂದಲು ಬೆಳ್ಳಗಾಗಿದೆ. ಹಿಂದೆ ಮಿಷನ್ನುಗಳ ಹಣ ಹೊರದೇಶದಿಂದ ಸರಾಗವಾಗಿ ಬರುತ್ತಿತ್ತು. 2020ರ ತಿದ್ದುಪಡಿಯಾದಂದಿನಿಂದ ಹೊರದೇಶದ ಕಾಸು ಬರಬೇಕಾದರೆ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯಲ್ಲಿ ಖಾತೆಯಿರಬೇಕು. ಬಂದುದರಲ್ಲಿ ಆಡಳಿತದ ವೆಚ್ಚಕ್ಕೆ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣವನ್ನು ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆಗಳ ಕೈಯಿಂದ ನಾಲ್ಕು ಕಾಸು ಪಡೆಯುತ್ತಿದ್ದ ಈ ಸಣ್ಣ ಮನೆಗೆ ಆ ಕೊನೆಯ ನಿಯಮವೇ ಪೆಟ್ಟು ಕೊಟ್ಟಿತು. ಈಗ ಅದು ನಡೆಯುತ್ತಿರುವುದು ಊರಿನ ವ್ಯಾಪಾರಿಗಳಿಂದ, ಸಭೆಯವರ ಕಾಣಿಕೆಯಿಂದ, ಹುಟ್ಟುಹಬ್ಬಕ್ಕೆಂದು ಒಂದು ಹೊತ್ತಿನ ಊಟ ಹಾಕಿಸುವ ಮನೆಗಳಿಂದ. ಹಾಗೆ ಊಟ ಹಾಕಿಸುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಅವರಲ್ಲಿ ಕೆಲವರು ಊಟಕ್ಕೆ ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ನಾನಿದ್ದಾಗಲೂ ಒಂದು ಕುಟುಂಬ ಬಂದಿತ್ತು. ಒಬ್ಬ ಹುಡುಗ, ಎಂಟು ವರ್ಷವಿರಬಹುದು, ಕ್ಯಾಮೆರಾ ಕಂಡೊಡನೆ ತಾನಾಗಿಯೇ ಮುಖವನ್ನು ಸಪ್ಪೆ ಮಾಡಿಕೊಂಡು ನಿಂತ. ಚಿತ್ರವಾದ ಮೇಲೆ ಓಡಿಹೋಗಿ ಗೋಲಿಯಾಟಕ್ಕೆ ಕುಳಿತ. ಅವನಿಗೆ ಹಾಗೆ ನಿಲ್ಲಲು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನಗೆ ಹೆಚ್ಚು ಕೆಟ್ಟದೆನಿಸಿತು.

ಬಾಗಿಲು ತೆರೆದ ಪ್ರಾರ್ಥನೆ

ವಾಚಕರ ಮನಸ್ಸಿನಲ್ಲಿ ಇಷ್ಟು ಹೊತ್ತಿಗೆ ಎದ್ದಿರಬಹುದಾದ ಪ್ರಶ್ನೆಯನ್ನು ನಾನು ಎರಡನೆಯ ದಿನ ಕೇಳಿದೆ. ಹಸಿದ ಮಗುವಿಗೆ ರೊಟ್ಟಿ ಕೊಡುವ ಕೈಯೇ ಹಾಡನ್ನೂ ಕಲಿಸಿದರೆ ಅದು ಮಗುವಿನ ಆಯ್ಕೆಯೇ?

ಇದು ರಮಾಬಾಯಿಯವರನ್ನೂ ಬಿಡದ ಪ್ರಶ್ನೆ. ಶಾರದಾ ಸದನದಲ್ಲಿ ಧರ್ಮಬೋಧನೆಯಿಲ್ಲವೆಂಬ ಮಾತಿನ ಮೇಲೆ ರಾನಡೆ, ಭಾಂಡಾರಕರರಂಥ ಹಿರಿಯರು ಸಲಹಾ ಸಮಿತಿಯಲ್ಲಿದ್ದರು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಪ್ರಾರ್ಥಿಸುತ್ತಿದ್ದರು. ಯಾರನ್ನೂ ಕರೆಯಲಿಲ್ಲ, ಬಂದವರನ್ನು ತಡೆಯಲೂ ಇಲ್ಲ. ಹುಡುಗಿಯರು ಬಂದು ಕುಳಿತರು. 1893ರಲ್ಲಿ ದೊಡ್ಡ ಕೋಲಾಹಲವಾಯಿತು, ಸಮಿತಿಯವರು ಕೈಬಿಟ್ಟರು, ಅನೇಕ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ಬಾಗಿಲು ತೆರೆದಿದ್ದುದು ತಪ್ಪೋ, ಮುಚ್ಚಿದ್ದರೆ ಸರಿಯಾಗುತ್ತಿತ್ತೋ ಎಂಬುದರ ಬಗೆಗೆ ಇಂದಿಗೂ ಇಬ್ಬರು ಒಂದೇ ಅಭಿಪ್ರಾಯ ಕೊಡಲಾರರು. ನನ್ನ ಮಟ್ಟಿಗೆ ಹೇಳುವುದಾದರೆ, ತಾಯಿಯಿಲ್ಲದ ಹುಡುಗಿಗೆ ತನ್ನನ್ನು ಸಾಕಿದವಳ ಕೋಣೆಯ ತೆರೆದ ಬಾಗಿಲು ಕರೆಯೇ ಆಗಿರುತ್ತದೆ. ರಮಾಬಾಯಿಯವರು ಪ್ರಾಮಾಣಿಕರಾಗಿದ್ದರೂ ಅದನ್ನು ಪೂರ್ತಿಯಾಗಿ ಕಾಣಲಿಲ್ಲವೆಂದೇ ತೋರುತ್ತದೆ.

ಸಭಾಪಾಲಕರು ಕೋಪಿಸಿಕೊಳ್ಳಲಿಲ್ಲ. ಸಂವಿಧಾನದ 28ನೆಯ ವಿಧಿಯನ್ನು ಅವರು ಬಲ್ಲರು: ಸರಕಾರದ ಮನ್ನಣೆಯೋ ಸಹಾಯವೋ ಪಡೆದ ವಿದ್ಯಾಸಂಸ್ಥೆಯಲ್ಲಿ ಮಗುವಿಗೆ ಧರ್ಮಪಾಠ ಹೇಳಬೇಕಾದರೆ ಹಿರಿಯರ ಸಮ್ಮತಿ ಬೇಕು. ತಮ್ಮದು ಶಾಲೆಯಲ್ಲದಿದ್ದರೂ ಅದೇ ಅಳತೆಯನ್ನು ಇಟ್ಟುಕೊಂಡಿರುವುದಾಗಿ ಹೇಳಿದರು. ಬೆಳಗಿನ ಹಾಡಿಗೆ ಬರುವುದು ಬಿಡುವುದು ಮಕ್ಕಳ ಇಷ್ಟ. ದೀಪಾವಳಿಗೆ ಲಂಬಾಣಿ ಹುಡುಗಿಯರು ತಾಂಡಾಕ್ಕೆ ಹೋಗಿ ಮೇರಾ ಹಾಡಿ ಬರುತ್ತಾರೆ. ಯಾರ ಹೆಸರನ್ನೂ ಬದಲಿಸಿಲ್ಲ.

“ನೀವು ಕೇಳಿದ್ದು ತಪ್ಪಲ್ಲ. ನಾನೂ ಇದೇ ತರಹದ ಮನಿಯೊಳಗ ಬೆಳೆದವನು,” ಎಂದರು ಆತ, ಸ್ವಲ್ಪ ತಡೆದು. “ನಾನು ನಂಬಿದ್ದು ಅನ್ನಕ್ಕೋ ದೇವರಿಗೋ ಅಂತ ನನಗೂ ಭಾಳ ದಿವಸ ಗೊತ್ತಿರಲಿಲ್ಲ.”

ಈ ಮಾತಿಗೆ ನಾನು ಮರುಮಾತು ಆಡಲಿಲ್ಲ.

ಕಮಲಾಪುರದ ದಾರಿ

ಮಧ್ಯಾಹ್ನ ಎರಡು ಗಂಟೆಗೆ ಅಕ್ಕೋರು ಕೈಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಹೊರಡುತ್ತಾರೆ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಉಚಿತವಾಗಿರುವುದರಿಂದ ಮಿಷನ್ನಿನ ಪ್ರಯಾಣವೆಚ್ಚ ಎಂಬ ಕಲಮು ಲೆಕ್ಕದ ಪುಸ್ತಕದಲ್ಲಿ ಖಾಲಿಯಾಗಿದೆ. “ಸಾಹೇಬ್ರು ಬಂದ್ರ ಟಿಕೀಟು ಆಗ್ತದ, ಅದಕ್ಕ ಅವರ್ನ ಮನಿಯೊಳಗ ಬಿಡತೀನಿ,” ಎಂದು ಗಂಡನನ್ನು ತೋರಿಸಿ ನಕ್ಕರು. ನನ್ನ ಟಿಕೀಟನ್ನು ನಾನೇ ತೆಗೆಸಿದೆ.

ನಗರ ಹಿಂದೆ ಬಿದ್ದು ಕಪ್ಪು ನೆಲ ತೆರೆದುಕೊಳ್ಳುತ್ತದೆ. ಮಹಾಗಾಂವ್ ಕ್ರಾಸ್ ದಾಟಿ ಮುಂದೆ ಹೋದರೆ ಕಮಲಾಪುರ. ಕೆಲವು ವರ್ಷಗಳ ಹಿಂದೆ ತಾಲ್ಲೂಕು ಎನಿಸಿಕೊಂಡ ಊರು. ಇಲ್ಲಿಯ ಕೆಂಪು ಬಾಳೆ ಹೆಸರುವಾಸಿ; ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಹಣ್ಣು ಕೆಂಪು, ದಪ್ಪ, ಬೆಲೆಯೂ ದಪ್ಪ. ಆದರೆ ಗೊನೆ ಕೈಗೆ ಬರಲು ಒಂದೂವರೆ ವರ್ಷ ಕಾಯಬೇಕು. ನೀರು, ಗೊಬ್ಬರ, ಕಾಯುವ ತಾಳ್ಮೆ ಮೂರೂ ಇದ್ದವರಿಗೆ ಮಾತ್ರ ಅದು ಬೆಳೆ. ತಾಂಡಾದವರಲ್ಲಿ ಬಹುಮಂದಿಗೆ ಇರುವುದು ಮಳೆಯನ್ನೇ ನಂಬಿದ ಎರಡು ಎಕರೆ, ಇಲ್ಲವೇ ಅದೂ ಇಲ್ಲ.

ಅದಕ್ಕೇ ಗುಳೆ. ದೀಪಾವಳಿ ಕಳೆಯುತ್ತಲೇ ಮುಕಾದಮನ ಲಾರಿ ತಾಂಡಾದ ಬೇವಿನ ಮರದ ಕೆಳಗೆ ಬಂದು ನಿಲ್ಲುತ್ತದೆ. ಕೆಲವರು ಮುಂಬಯಿ ಪುಣೆಗಳ ಕಟ್ಟಡದ ಕೆಲಸಕ್ಕೆ, ಕೆಲವರು ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ. ಕಬ್ಬು ಕಡಿಯುವ ಗಂಡಹೆಂಡಿರ ಜೋಡಿಗೆ ಅಲ್ಲಿ ‘ಕೋಯ್ತಾ’ ಎಂದು ಹೆಸರು. ಕೋಯ್ತಾ ಎಂದರೆ ಕುಡುಗೋಲು. ಮುಂಗಡ ಕೊಡುವುದು ಜೋಡಿಗೆ. ಒಬ್ಬರು ಬಿಟ್ಟರೆ ಅರ್ಧ ಕುಡುಗೋಲು, ಅದಕ್ಕೆ ಹಣವಿಲ್ಲ. ಆದುದರಿಂದ ಹೆಂಗಸು ಹೋಗಲೇಬೇಕು. ಹೆಂಗಸು ಹೋದರೆ ಮೊಲೆಗೂಸು ಹೋಗಬೇಕು. ಕೂಸನ್ನು ಗದ್ದೆಯ ಬದುವಿನಲ್ಲಿ ನೋಡಿಕೊಳ್ಳಲು ಎಂಟೊಂಬತ್ತು ವರ್ಷದ ಅಕ್ಕ ಹೋಗಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಖಾಲಿ ಬೀಳುವ ಕೋಷ್ಟಕಗಳ ಹಿಂದೆ ಇರುವುದು ಈ ಸರಪಣಿ.

2011ರ ಜನಗಣತಿಯಲ್ಲಿ ಈ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ 55. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಜಿಲ್ಲೆ ರಾಜ್ಯಕ್ಕೇ ಕಡೆಯದಾಯಿತು. ಆ ಫಲಿತಾಂಶ ಬಂದಾಗ ಪತ್ರಿಕೆಗಳು ಉಪಾಧ್ಯಾಯರನ್ನೂ ಅಧಿಕಾರಿಗಳನ್ನೂ ಬೈದುವು. ಬೈಯಬೇಕಾದವರೂ ಇದ್ದಿರಬಹುದು. ಆದರೆ ಲಾರಿ ಬರುವ ತಿಂಗಳನ್ನೂ ಪರೀಕ್ಷೆ ನಡೆಯುವ ತಿಂಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರು ಕಡಮೆ.

ನಗರದ ಮನೆಯಲ್ಲಿರುವ 38 ಮಕ್ಕಳಲ್ಲಿ ಹೆಚ್ಚಿನವರು ಈ ಸರಪಣಿಯಿಂದ ಕಳಚಿಕೊಂಡು ಬಂದವರು. ಅವ್ವ ಇದ್ದಾಳೆ, ಎಲ್ಲಿದ್ದಾಳೆಂದು ಕೇಳಬಾರದು. ಜಗತ್ತಿನ ಎಲ್ಲ ಕಡೆಯೂ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ ಎಂಬುದನ್ನು ಈ ಕೆಲಸದಲ್ಲಿರುವವರೆಲ್ಲರೂ ಬಲ್ಲರು. ಸಾವಿಗಿಂತ ಬಡತನವೇ ಹೆಚ್ಚು ಮಕ್ಕಳನ್ನು ಅಲ್ಲಿಗೆ ಕಳಿಸಿದೆ.

ಇಲ್ಲಿಯೇ ದಂಪತಿಗಳಲ್ಲಿ ಭಿನ್ನಾಭಿಪ್ರಾಯ. ಮನೆಯನ್ನು ದೊಡ್ಡದು ಮಾಡಿ ಅರುವತ್ತು ಮಕ್ಕಳನ್ನು ತರಬೇಕು, ಕಡೆಯ ಪಕ್ಷ ಅವರಾದರೂ ಓದಿಯಾರು ಎಂಬುದು ಸಭಾಪಾಲಕರ ಮನಸ್ಸು. ಮನೆಯನ್ನು ಚಿಕ್ಕದು ಮಾಡಿ ತಾಂಡಾದಲ್ಲಿಯೇ ಅಜ್ಜಿಯರ ಹತ್ತಿರ ಮಕ್ಕಳನ್ನು ಉಳಿಸಬೇಕು, ಅಲ್ಲಿಯೇ ಒಂದು ಹೊತ್ತಿನ ಅನ್ನವನ್ನೂ ಪಾಠವನ್ನೂ ಕೊಡಬೇಕು ಎಂಬುದು ಅಕ್ಕೋರ ಹಟ. “ಮಗು ರಾತ್ರಿ ಅಜ್ಜಿ ಬಗಲಾಗ ಮಲಗಿದ್ರ ಅರ್ಧ ಜ್ವರ ಬರೂದಿಲ್ರಿ,” ಎಂದರು. ಆದರೆ ಹಣ ಕೊಡುವವರಿಗೆ ಹಾಸಿಗೆ ತೋರಿಸಬಹುದು, ಕಟ್ಟಡ ತೋರಿಸಬಹುದು. ಅಜ್ಜಿಯ ಬಗಲನ್ನು ಹೇಗೆ ತೋರಿಸುವುದು?

ಪೆನ್ಸಿಲ್ಲಿನ ಅಕ್ಷರ

ತಾಂಡಾದ ಪಾಠಶಾಲೆ ಎಂದರೆ ತಗಡಿನ ಒಂದು ಚಪ್ಪರ, ಒಂದು ಕಪ್ಪುಹಲಗೆ, ಮೂಲೆಯಲ್ಲಿ ಬೋಗುಣಿ. ನಾವು ಹೋದಾಗ ಇಪ್ಪತ್ತಾರು ಮಕ್ಕಳು ಕುಳಿತಿದ್ದರು. ಅಕ್ಕೋರು ಮೊದಲು ಉಗುರು ನೋಡಿದರು, ಆಮೇಲೆ ಮಗ್ಗಿ ಕೇಳಿದರು. ಏಳರ ಮಗ್ಗಿಯ ಹತ್ತಿರ ಎಲ್ಲರೂ ಎಡವಿದರು; ಎಡವಿದುದಕ್ಕೆ ಎಲ್ಲರಿಗೂ ನಗು.

ಪಾಠ ಮುಗಿಯುವ ಹೊತ್ತಿಗೆ ಒಬ್ಬ ತರುಣಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದು ಚಪ್ಪರದ ಕಂಬಕ್ಕೆ ಒರಗಿ ನಿಂತಳು. ಸಾಲಿನಲ್ಲಿ ಕುಳಿತಿದ್ದ ಒಬ್ಬ ಹುಡುಗಿ, ಒಂಬತ್ತು ವರ್ಷದವಳು, ಕಣ್ಣೆತ್ತಿ ನೋಡಿ “ಯಾಡೀ” ಎಂದಳು. ಲಂಬಾಣಿಯಲ್ಲಿ ಯಾಡಿ ಎಂದರೆ ತಾಯಿ. ಬಾ ಎಂಬಂತೆ ತಾಯಿ ಕೈ ಮಾಡಿದಳು, ಹುಡುಗಿ ಏಳಲಿಲ್ಲ.

ಅನಂತರದ ಮಾತುಕತೆ ಬಹಳ ಹೊತ್ತು ನಡೆಯಲಿಲ್ಲ. ಮುಂಗಡ ತೆಗೆದುಕೊಂಡಾಗಿದೆ. ಅತ್ತೆಗೆ ಕಣ್ಣು ಕಾಣದು; ಕೂಸನ್ನು ಬಿಟ್ಟುಹೋಗುವಂತಿಲ್ಲ. ಹುಡುಗಿ ಬರದಿದ್ದರೆ ಕೂಸನ್ನು ಎತ್ತಿಕೊಂಡು ಕಬ್ಬು ಕಡಿಯುವುದು ಹೇಗೆ? ಹುಡುಗಿಯನ್ನು ನಗರದ ಮನೆಗೆ ಕರೆದುಕೊಂಡು ಹೋಗುತ್ತೇನೆಂದರು ಅಕ್ಕೋರು. ತಾಯಿ ತಲೆಯಾಡಿಸಿದಳು.

“ಅಕ್ಕೋರೆ, ಅಲ್ಲಿ ಬಿಟ್ರ ಮಂದಿ ಇಕೀಗಿ ಅನಾಥಿ ಅಂತಾರ್ರಿ. ನಾ ಜೀವ ಅದೀನಲ್ಲ,” ಎಂದಳು.

ಅದಕ್ಕೆ ಅಕ್ಕೋರ ಬಳಿ ಉತ್ತರವಿರಲಿಲ್ಲ. ಮೂರು ದಿನಗಳಲ್ಲಿ ಆಕೆ ಮಾತಿಗೆ ತಡವರಿಸಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಕೈಚೀಲದಿಂದ ಮಗ್ಗಿಯ ಪುಸ್ತಕವೊಂದನ್ನೂ ಎರಡು ಪೆನ್ಸಿಲ್ಲುಗಳನ್ನೂ ತೆಗೆದು ಹುಡುಗಿಯ ಕೈಗೆ ಕೊಟ್ಟರು. ಗದ್ದೆಯಿರುವ ಊರಿನ ಹೆಸರನ್ನು ತಾಯಿಯ ಬಾಯಿಂದ ಕೇಳಿ ಬರೆದುಕೊಂಡರು. ಕಾರ್ಖಾನೆಯ ಹತ್ತಿರ ಕಬ್ಬಿನವರ ಮಕ್ಕಳಿಗೆ ಶಾಲೆಯೇನಾದರೂ ಇದೆಯೇ ಎಂದು ರಾತ್ರಿ ಫೋನು ಮಾಡಿ ವಿಚಾರಿಸುವುದಾಗಿ ಹೇಳಿದರು. ತಾಯಿ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ಕೂಸನ್ನು ಹುಡುಗಿಯ ಸೊಂಟಕ್ಕೆ ದಾಟಿಸಿ ಮುಂದೆ ನಡೆದಳು.

ಹಿಂದಿರುಗುವ ಬಸ್ಸಿನಲ್ಲಿ ಅಕ್ಕೋರು ಹಾಜರಿ ಪುಸ್ತಕವನ್ನು ತೊಡೆಯ ಮೇಲೆ ತೆರೆದರು. ಹೆಸರುಗಳೆಲ್ಲ ಮಸಿಯಲ್ಲಿದ್ದುವು. ಹದಿಮೂರು ಹೆಸರುಗಳ ಮುಂದೆ ಮಾತ್ರ ‘ಗುಳೆ’ ಎಂದು ಪೆನ್ಸಿಲ್ಲಿನಲ್ಲಿ ಬರೆದಿತ್ತು. ಅದನ್ನೂ ಮಸಿಯಲ್ಲಿಯೇ ಏಕೆ ಬರೆಯಬಾರದೆಂದು ಕೇಳಿದೆ.

“ಯುಗಾದಿಗೆ ಬರ್ತಾವಲ್ರಿ. ಆಗ ಅಳಸಬೇಕಲ್ಲ,” ಎಂದರು.

ಕಳೆದ ವರ್ಷ ಎಷ್ಟು ಅಳಿಸಿದಿರಿ ಎಂದೆ. ಹದಿನೇಳರಲ್ಲಿ ಹನ್ನೊಂದು ಎಂದರು. ಆಮೇಲೆ ಬಸ್ಸಿನ ಕುಲುಕಾಟ ಸ್ವಲ್ಪ ನಿಲ್ಲುವವರೆಗೆ ಕಾದು, ಹದಿನಾಲ್ಕನೆಯ ಹೆಸರಿನ ಮುಂದೆ ಮೆಲ್ಲಗೆ, ಒತ್ತದೆ ಬರೆದರು.